ಬಾವಿ ಬಿಟ್ಟ ಇಂಜಿನ್ನು

ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಬೆಲ್ಟು ಕೊಟ್ಟುಕೊಂಡು, ಟುಕುಟುಕು ಸದ್ದು ಮಾಡುತ್ತಾ ಹೊಗೆಯುಗುಳುವ ಹಳೆಯ ಡೀಸೆಲ್ ಇಂಜಿನ್ನನ್ನು ನೋಡದವರು ನಮ್ಮ ಸಹಪಾಠಿಗಳಲ್ಲಿ ವಿರಳ. ಕುಣಿಗಲಿನಿಂದ ಮದ್ದೂರಿಗೆ ಬರುವ ದಾರಿಯಲ್ಲಿ ನಾನು ಅಂಥವನ್ನು ಕಂಡಿದ್ದೇನೆ. ಕೆಲವು ಊರುಗಳಲ್ಲಿ ಅದೇ ಜಾತಿಯ ಇಂಜಿನ್ನು ಹಿಟ್ಟಿನ ಮಿಷನ್ನನ್ನು ತಿರುಗಿಸಿದ್ದೂ ಉಂಟು. ಇದನ್ನು ಕಂಡಾಗ ನಾವು ಹಳ್ಳಿಯ ಮೇಸ್ತ್ರಿಯ ಜಾಣ್ಮೆಯನ್ನು ಹೊಗಳುತ್ತೇವೆ. ಆ ಹೊಗಳಿಕೆ ಅವರಿಗೆ ಸಲ್ಲತಕ್ಕದ್ದೇ. ಆದರೆ ಆ ಇಂಜಿನ್ನು ಮೊದಲು ಎಲ್ಲಿತ್ತು, ಅಲ್ಲಿಂದ ಏಕೆ ಎದ್ದು ಬಂದಿತು ಎಂಬುದನ್ನು ವಿದ್ಯಾವಂತರಾದ ನಾವು ವಿಚಾರಿಸಬೇಡವೇ?

ಅನೇಕ ಇಂಜಿನ್ನುಗಳು ಇದ್ದದ್ದು ಬಾವಿಯ ದಡದಲ್ಲಿ. ಕಿರ್ಲೋಸ್ಕರರ ಇಂಜಿನ್ ಕಾರ್ಖಾನೆ ಪುಣೆಯಲ್ಲಿ 1946ರಲ್ಲಿ ಸ್ಥಾಪಿತವಾಯಿತು. ಮುಂದಿನ ದಶಕಗಳಲ್ಲಿ ಕಪಿಲೆಯ ಎತ್ತುಗಳ ಕೆಲಸವನ್ನು ಇಂಥ ಇಂಜಿನ್ನುಗಳು ವಹಿಸಿಕೊಂಡುವು. ಆದರೆ ದಡದ ಪಂಪಿಗೆ ಪ್ರಕೃತಿಯೇ ಒಂದು ಮೇರೆಯನ್ನಿಟ್ಟಿದೆ. ಪಂಪು ಕೊಳವೆಯ ಗಾಳಿಯನ್ನು ತೆಗೆದರೆ, ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುವಿನ ಒತ್ತಡ. ಅದು ಲೆಕ್ಕದಲ್ಲಿ ಸುಮಾರು 10 ಮೀಟರು, ವ್ಯವಹಾರದಲ್ಲಿ 7-8 ಮೀಟರು ಮಾತ್ರ ಎತ್ತಬಲ್ಲುದು. ನೀರು ಅದಕ್ಕಿಂತ ಕೆಳಗಿಳಿದರೆ ಇಂಜಿನ್ನಿನ ಅಶ್ವಶಕ್ತಿ ಎಷ್ಟಿದ್ದರೇನು? ಬಾವಿಯೊಳಗೆ ಅಟ್ಟಣೆ ಕಟ್ಟಿ ಇಳಿಸಿದವರೂ ಉಂಟು. ಕೊನೆಗೆ ಕೊಳವೆಬಾವಿ ಬಂದಿತು, ನೀರಿನಲ್ಲೇ ಮುಳುಗಿರುವ ವಿದ್ಯುತ್ ಮೋಟಾರು ಬಂದಿತು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತೂ ಉಚಿತವಾಯಿತು. ಇಂಜಿನ್ನು ನಿರುದ್ಯೋಗಿಯಾಯಿತು.

ನಮ್ಮ ತಾತನವರ ಇಂಜಿನ್ನನ್ನು ಗಾಡಿಯಲ್ಲಿ ಹೇರಿ ಸೋದರಮಾವನ ಆಲೆಮನೆಗೆ ಸಾಗಿಸಿದರು. "ನೀರೇ ಇಲ್ದ ಮೇಲೆ ಅದಕ್ಕೆ ನಮ್ಮನೇಲೇನು ಕೆಲ್ಸ?" ಎಂದು ಅಜ್ಜಿ ಬಾಗಿಲಿಗೂ ಬರಲಿಲ್ಲ. ಆ ಮಾತು ನನಗೆ ಅರ್ಥಶಾಸ್ತ್ರದ ಪಾಠದಂತೆ ತೋರುತ್ತದೆ. ಕಸುಬು ಬದಲಿಸಿದ ಇಂಜಿನ್ನಿನ ಹಿಂದೆ ಎಷ್ಟೋ ಕಡೆ ಬತ್ತಿದ ಬಾವಿಯೊಂದಿರುತ್ತದೆ.

ಇಂಜಿನ್ನಿನ ಕಸುಬನ್ನಲ್ಲ, ಆಹಾರವನ್ನೇ ಬದಲಿಸಿದ ನಿದರ್ಶನವೂ ಉಂಟು. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ, ಸೌದೆಯನ್ನು ಅರೆಯಾಗಿ ಉರಿಸಿ ಪಡೆದ ಅನಿಲದಿಂದ ಡೀಸೆಲ್ ಇಂಜಿನ್ನನ್ನು ನಡೆಸಿದರು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲವಾದ್ದರಿಂದ, ಅನಿಲ ಹೊತ್ತಿಕೊಳ್ಳಲು ಸ್ವಲ್ಪ ಡೀಸೆಲ್ ಬೇಕೇಬೇಕು. ಮಿಕ್ಕ ಕೆಲಸವೆಲ್ಲ ಸೌದೆಯದು. ಅದರಿಂದ ಮನೆಗಳಿಗೆ ದೀಪವೂ ಊರಿಗೆ ಕುಡಿಯುವ ನೀರೂ ದೊರೆತುವು. ಆಲೆಮನೆಯ ಮಾರ್ಪಾಟು ಅನಿವಾರ್ಯದ್ದು. ಹೊಸಹಳ್ಳಿಯದು ಆಲೋಚಿಸಿ ಆರಿಸಿಕೊಂಡದ್ದು. ಎರಡನ್ನೂ ಒಂದೇ ಜಾಣ್ಮೆಯೆಂದು ಎಣಿಸಿದರೆ ನಷ್ಟವನ್ನೇ ಸಾಧನೆಯೆಂದು ಕರೆದಂತಾಗುತ್ತದೆ.

ಆದುದರಿಂದ ನನ್ನದೊಂದು ಸಲಹೆ. ನಮ್ಮ ಎನ್.ಎಸ್.ಎಸ್. ಶಿಬಿರಗಳು ಹಳ್ಳಿಗೆ ಹೋದಾಗ ಅಲ್ಲಿನ ಹಳೆಯ ಇಂಜಿನ್ನುಗಳ ಪಟ್ಟಿ ಮಾಡಲಿ. ಯಾವ ಬಾವಿಯಿಂದ ಬಂದಿತು, ಯಾವ ವರ್ಷ, ಆಗ ನೀರು ಎಷ್ಟು ಆಳದಲ್ಲಿತ್ತು? ಈ ಪ್ರಶ್ನೆಗಳನ್ನು ಯಜಮಾನರಿಗೂ ಮೇಸ್ತ್ರಿಗೂ ಕೇಳಿ ಬರೆದಿಡೋಣ. ಇತಿಹಾಸ ಮತ್ತು ಅರ್ಥಶಾಸ್ತ್ರ ವಿಭಾಗಗಳ ಅಧ್ಯಾಪಕರು ಮಾರ್ಗದರ್ಶನ ಮಾಡಿದರೆ ತಾಲ್ಲೂಕಿನ ನೀರಿನ ಚರಿತ್ರೆಯೇ ಸಿದ್ಧವಾದೀತು. ಇಂಜಿನ್ನು ಗುಜರಿಗೆ ಹೋದರೂ ಕಬ್ಬಿಣಕ್ಕೆ ಬೆಲೆಯುಂಟು. ಮೇಸ್ತ್ರಿಯ ನೆನಪು ಅಳಿದರೆ ಮತ್ತೆ ದೊರೆಯುವುದಿಲ್ಲ.