ಲೋಕವೂ ಲೋಕಸಭೆಯೂ

ಪ್ರಜೆಗಳ ಹೆಸರಿನಲ್ಲಿ ಕಾನೂನು ಮಾಡತಕ್ಕ ಸಭೆಯಲ್ಲಿ ಪ್ರಜೆಗಳೆಲ್ಲರ ಮುಖವೂ ಕಾಣಬೇಕೆಂಬುದು ಪ್ರಜಾಪ್ರಭುತ್ವದ ಮೊದಲನೆಯ ಪಾಠ. ನಮ್ಮ ಲೋಕಸಭೆಯು ಈ ಪಾಠವನ್ನು ಎಷ್ಟರ ಮಟ್ಟಿಗೆ ಕಲಿತಿದೆಯೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. 2024ರ ಸಾರ್ವತ್ರಿಕ ಚುನಾವಣೆಯಲ್ಲಿ ಆಯ್ಕೆಯಾಗಿ ಬಂದ 543 ಸಭಾಸದರಲ್ಲಿ ಸ್ತ್ರೀಯರು 74 ಮಂದಿ. ನೂರಕ್ಕೆ ಹದಿನಾಲ್ಕೂ ಇಲ್ಲ. 2019ರಲ್ಲಿ 78 ಮಂದಿ ಇದ್ದರು. ಮುಂದಕ್ಕೆ ಹೋಗಬೇಕಾದವರು ಹಿಂದಕ್ಕೆ ಸರಿದಿದ್ದೇವೆ. ಆದರೆ ಅದೇ 2024ರಲ್ಲಿ ಮತ ಹಾಕಿದ ಸ್ತ್ರೀಯರ ಪ್ರಮಾಣ ಶೇಕಡಾ 65.78, ಪುರುಷರದು ಅದಕ್ಕಿಂತ ಕೊಂಚ ಕಡಿಮೆ, ಶೇಕಡಾ 65.55. ಮತ ಕೇಳುವ ದಿನ ಅವರು ಮಾತೆಯರು; ಸ್ಥಾನ ಹಂಚುವ ದಿನ ಮಾತ್ರ ಅವರ ನೆನಪೇ ಯಾರಿಗೂ ಇಲ್ಲ. ಇದಾವ ನ್ಯಾಯ?

ಸಭಾಸದನು ತನ್ನ ಕ್ಷೇತ್ರದ ಸಮಸ್ತರಿಗೂ ಪ್ರತಿನಿಧಿ, ಅಲ್ಲಿ ಜಾತಿ ಮತ ಲಿಂಗಗಳ ಲೆಕ್ಕ ತೆಗೆಯುವುದು ರಾಷ್ಟ್ರೀಯತೆಗೆ ಕುಂದು, ಎಂದು ಹೇಳುವ ಸಜ್ಜನರಿದ್ದಾರೆ. ಅವರ ಆತಂಕವನ್ನು ನಾವು ಅಲ್ಲಗಳೆಯುವುದಿಲ್ಲ. 1909ರಲ್ಲಿ ಬ್ರಿಟಿಷ್ ಸರ್ಕಾರವು ಮುಸಲ್ಮಾನರಿಗೆ ಪ್ರತ್ಯೇಕ ಮತದಾರವರ್ಗವನ್ನು ಏರ್ಪಡಿಸಿ ಬಿತ್ತಿದ ಬೀಜದ ಕಹಿಫಲವನ್ನು ಈ ದೇಶ ಉಂಡಿದೆ. ಶಾಸನಸಭೆಯು ಜನಗಣತಿಯ ಪಟ್ಟಿಯ ನಕಲಾಗಬೇಕೆಂದು ನಾವೂ ಹೇಳುವುದಿಲ್ಲ. ಆದರೆ ಸಮಸ್ತರ ಪ್ರತಿನಿಧಿಯು ಚುನಾವಣೆಯಿಂದ ಚುನಾವಣೆಗೆ ಬಹುಮಟ್ಟಿಗೆ ಒಂದೇ ಬಗೆಯ ಮನೆಗಳಿಂದ ಬರುತ್ತಿದ್ದರೆ, ಉಳಿದ ಮನೆಗಳವರು ಏನೆಂದು ತಿಳಿಯಬೇಕು? ಬೇಸಗೆಯಲ್ಲಿ ಮೈಲಿಗಟ್ಟಲೆ ನಡೆದು ಕೊಡ ಹೊತ್ತವಳು ಸಭೆಯಲ್ಲಿ ಕುಳಿತಿದ್ದರೆ ನೀರಿನ ವಿಷಯವಾಗಿ ಕೇಳುವ ಪ್ರಶ್ನೆಯೇ ಬೇರೆಯಾಗುತ್ತದೆ.

ಕಾನೂನು ಕಟ್ಟುಮಾಡಿದ ಕಡೆ ಈ ನ್ಯಾಯ ದೊರೆತಿದೆ. ಸಂವಿಧಾನದ 330ನೆಯ ವಿಧಿಗನುಸಾರವಾಗಿ ಪರಿಶಿಷ್ಟ ಜಾತಿಗಳವರಿಗೆ 84, ಪರಿಶಿಷ್ಟ ಪಂಗಡಗಳವರಿಗೆ 47 ಸ್ಥಾನಗಳು ಮೀಸಲಾಗಿವೆ. 2011ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ಇವರ ಪಾಲು ಕ್ರಮವಾಗಿ ಶೇಕಡಾ 16.6 ಮತ್ತು 8.6, ಸಭೆಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇದೆ. ಅಲ್ಲಿ ಮತದಾರವರ್ಗವನ್ನು ಒಡೆಯಲಿಲ್ಲ. ಕ್ಷೇತ್ರದ ಎಲ್ಲರೂ ಸೇರಿಯೇ ಮತ ಕೊಡುತ್ತಾರೆ. ಇದರಿಂದ ರಾಷ್ಟ್ರೀಯತೆಗೆ ಯಾವ ಕುಂದೂ ಬರಲಿಲ್ಲವಷ್ಟೆ.

ಪಕ್ಷಗಳ ಔದಾರ್ಯಕ್ಕೆ ಬಿಟ್ಟ ಕಡೆ ಆದುದೇನು? 1949ರ ಮೇ ತಿಂಗಳಲ್ಲಿ ಸಂವಿಧಾನ ರಚನಾಸಭೆಯು ಮತಾನುಸಾರವಾದ ಮೀಸಲು ಸ್ಥಾನಗಳನ್ನು ಕೈಬಿಟ್ಟಿತು. ಬೇಗಮ್ ಐಜಾಜ್ ರಸೂಲರಂಥ ಮುಸಲ್ಮಾನ ಸದಸ್ಯರು ತಾವಾಗಿಯೇ ಈ ನಿರ್ಣಯವನ್ನು ಬೆಂಬಲಿಸಿದರು. ಬಹುಸಂಖ್ಯಾತರ ಸದ್ಬುದ್ಧಿಯಲ್ಲಿ ಅವರಿಟ್ಟ ನಂಬಿಕೆ ಅದು. 2011ರ ಗಣತಿಯಲ್ಲಿ ಶೇಕಡಾ 14.2 ಇದ್ದ ಆ ಸಮುದಾಯದಿಂದ 2024ರಲ್ಲಿ ಆಯ್ಕೆಯಾದವರು 24 ಮಂದಿ. ನಮ್ಮ ಕರ್ನಾಟಕದಿಂದಲಂತೂ 2009ರಿಂದ 2024ರವರೆಗಿನ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಒಬ್ಬರೂ ಗೆದ್ದು ಬರಲಿಲ್ಲ. ಮೀಸಲನ್ನು ಮರಳಿ ತರಬೇಕೆಂದು ನಾವು ಹೇಳುತ್ತಿಲ್ಲ. ನಂಬಿ ಬಿಟ್ಟುಕೊಟ್ಟವರ ಋಣವು ತೀರದೆ ಉಳಿದಿದೆಯೆಂದು ಮಾತ್ರ ಹೇಳುತ್ತೇವೆ.

ಸ್ತ್ರೀಯರ ವಿಷಯಕ್ಕೆ ಬರೋಣ. ಮೂರನೆಯ ಒಂದು ಪಾಲು ಸ್ಥಾನಗಳನ್ನು ಅವರಿಗೆ ಮೀಸಲಿಡುವ ಮಸೂದೆಯು ಮೊದಲು ಲೋಕಸಭೆಯ ಮುಂದೆ ಬಂದದ್ದು 1996ರಲ್ಲಿ, ನಮ್ಮವರೇ ಆದ ಶ್ರೀ ದೇವೇಗೌಡರು ಪ್ರಧಾನಮಂತ್ರಿಗಳಾಗಿದ್ದಾಗ. 2010ರಲ್ಲಿ ಇಂಥದೇ ಮಸೂದೆಯನ್ನು ರಾಜ್ಯಸಭೆ ಒಪ್ಪಿತು. ಲೋಕಸಭೆಯಲ್ಲಿ ಅದು ಮುಂದೆ ಸಾಗಲಿಲ್ಲ. ಕಡೆಗೆ 2023ರಲ್ಲಿ ಲೋಕಸಭೆಯ 454 ಮಂದಿ ಪರವಾಗಿಯೂ ಇಬ್ಬರೇ ವಿರುದ್ಧವಾಗಿಯೂ ಮತವಿತ್ತು ಅದನ್ನು ಅಂಗೀಕರಿಸಿದರು. ಆದರೆ ಅನಂತರದ ಜನಗಣತಿಯೂ ಕ್ಷೇತ್ರಗಳ ಪುನರ್ವಿಂಗಡಣೆಯೂ ಮುಗಿದ ಮೇಲೆಯೇ ಮೀಸಲು ಜಾರಿಗೆ ಬರತಕ್ಕದ್ದೆಂಬ ಶರ್ತವೊಂದನ್ನು ಅದರೊಳಗೆ ಸೇರಿಸಲಾಗಿತ್ತು. 2021ರಲ್ಲಿ ಆಗಬೇಕಾಗಿದ್ದ ಗಣತಿಯು ಆ ಹೊತ್ತಿಗೆ ಆರಂಭವೇ ಆಗಿರಲಿಲ್ಲ. ಇಪ್ಪತ್ತೇಳು ವರ್ಷ ಕಾದವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 2024ರ ಚುನಾವಣೆ ಹಳೆಯ ರೀತಿಯಲ್ಲಿಯೇ ನಡೆದುಹೋಯಿತು.

ಪರವಾಗಿ ಮತವಿತ್ತ ಪಕ್ಷಗಳು ತಮ್ಮ ಪಟ್ಟಿಗಳಲ್ಲಿ ಆ ನಿಯಮವನ್ನು ಸ್ವಯಂ ಪಾಲಿಸುವುದಕ್ಕೆ ಅಡ್ಡಿಯೇನಿತ್ತು? ಯಾವ ಗಣತಿಯೂ ಅದಕ್ಕೆ ಬೇಕಾಗಿರಲಿಲ್ಲ. ಆದರೂ ದೇಶದಲ್ಲಿ ಕಣಕ್ಕಿಳಿದ 8,360 ಉಮೇದುವಾರರಲ್ಲಿ ಸ್ತ್ರೀಯರು ಸುಮಾರು 800. ಸ್ಥಾಲೀಪುಲಾಕನ್ಯಾಯದಂತೆ ನಮ್ಮ ನಾಡನ್ನೇ ನೋಡಿದರೆ 28 ಸ್ಥಾನಗಳಲ್ಲಿ ಗೆದ್ದ ಸ್ತ್ರೀಯರು ಮೂವರು: ಬೆಂಗಳೂರು ಉತ್ತರ, ದಾವಣಗೆರೆ, ಚಿಕ್ಕೋಡಿಗಳಿಂದ ತಲಾ ಒಬ್ಬರು. ಬಾಗಿಲು ಮುಚ್ಚಿರುವುದು ಮತಗಟ್ಟೆಯಲ್ಲಿ ಅಲ್ಲ, ಪಕ್ಷದ ಕಚೇರಿಯಲ್ಲಿ.

ಗೆಲ್ಲಬಲ್ಲ ಸ್ತ್ರೀಯರು ಸಿಕ್ಕುವುದಿಲ್ಲವೆಂಬ ಸಮಾಧಾನವನ್ನು ಪಕ್ಷದ ಧುರೀಣರು ಹೇಳುವುದುಂಟು. 2019ರಲ್ಲಿ ಒಡಿಶಾದ ಬಿಜು ಜನತಾ ದಳವು ಯಾವ ಕಾನೂನಿನ ಒತ್ತಾಯವೂ ಇಲ್ಲದೆ 21 ಸ್ಥಾನಗಳಲ್ಲಿ 7ನ್ನು ಸ್ತ್ರೀಯರಿಗೆ ಕೊಟ್ಟಿತು. ಆ ಏಳು ಮಂದಿಯಲ್ಲಿ ಐವರು ಗೆದ್ದರು. ಅದೇ ಪಕ್ಷದ ಹದಿನಾಲ್ಕು ಮಂದಿ ಪುರುಷರಲ್ಲಿ ಗೆದ್ದವರು ಏಳು ಮಂದಿ. ಆಸ್ಕಾ ಕ್ಷೇತ್ರದಿಂದ ಗೆದ್ದ ಶ್ರೀಮತಿ ಪ್ರಮೀಲಾ ಬಿಸೋಯಿ ಸ್ವಸಹಾಯ ಸಂಘದಲ್ಲಿ ದುಡಿದು ಬಂದವರು. ಅಷ್ಟು ದೂರ ಹೋಗುವುದೂ ಬೇಡ. ಸ್ತ್ರೀಯರಿಗೆ ನಾಲ್ಕನೆಯ ಒಂದು ಪಾಲು ಸ್ಥಾನಗಳನ್ನು ಕೊಟ್ಟ ಕರ್ನಾಟಕದ 1983ರ ಕಾನೂನಿನ ಮೇರೆಗೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಮೂರನೆಯ ಒಂದು ಪಾಲು ಮೀಸಲು ತಂದ 73ನೆಯ ತಿದ್ದುಪಡಿ ಬಂದದ್ದು ಆಮೇಲೆ, 1992ರಲ್ಲಿ. ಅಂದು ಶ್ರೀ ಅಬ್ದುಲ್ ನಜೀರ್ ಸಾಬರು ಹಾಕಿಕೊಟ್ಟ ದಾರಿಯಲ್ಲಿ ನಡೆದು ಹಳ್ಳಿಗಳ ಹೆಣ್ಣುಮಕ್ಕಳು ಆಡಳಿತವನ್ನು ನಡೆಸಿ ತೋರಿಸಿದ್ದಾರೆ. ಹಳ್ಳಿಯ ಕೆಲಸಕ್ಕೆ ಯೋಗ್ಯಳಾದವಳು ದೆಹಲಿಗೆ ಅಯೋಗ್ಯಳಾಗುವುದು ಹೇಗೆ?

ಆದಕಾರಣ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ನಾಳೆ ಎಂದವನ ಮನೆ ಹಾಳು ಎಂಬ ಗಾದೆಯನ್ನು ಪಕ್ಷಗಳು ನೆನೆಯಬೇಕು. 2023ರಲ್ಲಿ ಕೈಯೆತ್ತಿದವರೆಲ್ಲರೂ ಶರ್ತಗಳ ಮರೆಯಲ್ಲಿ ನಿಲ್ಲದೆ, ಗೆಲ್ಲತಕ್ಕ ಕ್ಷೇತ್ರಗಳಲ್ಲಿ ಮೂರನೆಯ ಒಂದು ಪಾಲನ್ನು ಸ್ತ್ರೀಯರಿಗೆ ಬಿಟ್ಟುಕೊಡಲಿ. ಆ ಪಟ್ಟಿಯಲ್ಲಿ ದುಡಿದು ತಿನ್ನುವವರೂ ಅಲ್ಪಸಂಖ್ಯಾತರೂ ಇರಲಿ. ಮತ ಕೇಳಲು ಮನೆಯ ಬಾಗಿಲಿಗೆ ಬಂದವರನ್ನು ವಾಚಕ ಮಹಾಶಯರು ಈ ಒಂದು ಮಾತನ್ನು ತಪ್ಪದೆ ಕೇಳಲಿ: ನಿಮ್ಮ ಪಟ್ಟಿಯಲ್ಲಿ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸ್ಥಾನವೆಷ್ಟು? ಉತ್ತರವನ್ನು ಕೇಳಿದ ಮೇಲೆಯೇ ಮತವನ್ನು ನಿಶ್ಚಯಿಸಲಿ.