ಹಕ್ಕಿಯ ಕಾಳಿಗೂ ಒಂದು ಲೆಕ್ಕ

ನಾಚಾರಂ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರು ಅಂಗಳಕ್ಕೆ ಬರುವ ಹಕ್ಕಿಗಳಿಗೆ ಕಾಳು ಹಾಕುವ ಪದ್ಧತಿಯನ್ನು ಉಳಿಸಿಕೊಳ್ಳುವುದು ಶ್ಲಾಘನೀಯ. ಆದರೆ ದಾನಕ್ಕೂ ಲೆಕ್ಕ ಬೇಕೆಂಬುದು ಬ್ಯಾಂಕಿನ ಅಧಿಕಾರಿಯಾದ ನನ್ನ ಅಭಿಮತ.

ಇದಕ್ಕಾಗಿ ಬಣ್ಣದ ಪೊಟ್ಟಣಗಳಿಗೆ ಹಣ ತೆರಬೇಕಾಗಿಲ್ಲ. ಇಲ್ಲಿಯ ಕಿರಾಣಿ ಅಂಗಡಿಯಲ್ಲಿ ನವಣೆಯನ್ನು ‘ಕೊರ್ರಲು’, ಸಜ್ಜೆಯನ್ನು ‘ಸಜ್ಜಲು’, ಅಕ್ಕಿನುಚ್ಚನ್ನು ‘ನೂಕಲು’ ಎಂದು ಕೇಳಿ, ಬಿಡಿಯಾಗಿ ತೂಗಿಸಿ ತಂದರೆ ಗುಬ್ಬಚ್ಚಿಗಳಿಗೆ ಧಾರಾಳವಾಯಿತು. ಆದರೆ ಬಿತ್ತನೆ ಬೀಜವನ್ನು ಎಂದಿಗೂ ಹಾಕಲಾಗದು. ಅದಕ್ಕೆ ವಿಷೌಷಧವನ್ನು ಲೇಪಿಸಿರುವುದುಂಟು. ಅಗ್ಗಕ್ಕೆ ದೊರೆತರೂ ಮುಗ್ಗಿದ ಧಾನ್ಯವು ವರ್ಜ್ಯವೇ.

ನಿಜವಾದ ಉಳಿತಾಯವು ಬೆಲೆಗಿಂತ ಪ್ರಮಾಣದಲ್ಲಿದೆ. ಹಕ್ಕಿಗಳು ಒಂದು ಗಂಟೆಯೊಳಗೆ ತಿಂದು ಮುಗಿಸುವಷ್ಟನ್ನೇ ಹಾಕತಕ್ಕದ್ದು. ಮಹಡಿಯ ಮೇಲೆ ಸೇರುಗಟ್ಟಲೆ ಸುರಿದರೆ ಇಲಿಗಳಿಗೂ ಪಾರಿವಾಳಗಳ ಹಿಂಡಿಗೂ ಆಹ್ವಾನವಿತ್ತಂತೆ. ಪಾರಿವಾಳದ ಹಿಕ್ಕೆಯ ಹಾಗೂ ಪುಕ್ಕದ ಧೂಳನ್ನು ದೀರ್ಘಕಾಲ ಉಸಿರಾಡುವವರಲ್ಲಿ ಕೆಲವರ ಶ್ವಾಸಕೋಶಗಳು ಉರಿಯೂತಕ್ಕೆ ಗುರಿಯಾಗಿ, ಕ್ರಮೇಣ ಗಡುಸಾಗಿ, ಮೊದಲಿನ ಸ್ಥಿತಿಗೆ ಮರಳದಂತಾಗುತ್ತವೆ. ಮುಂಬಯಿಯಲ್ಲಿ 2025ರಲ್ಲಿ ಕಬೂತರಖಾನೆಗಳನ್ನು ಮುಚ್ಚಿಸಲು ಇಂತಹ ಆರೋಗ್ಯಭೀತಿಯೇ ಕಾರಣವಾಯಿತು. ನಮ್ಮ ಪುಣ್ಯದ ವೆಚ್ಚವನ್ನು ನೆರೆಮನೆಯ ವೃದ್ಧರ ಉಸಿರಿನ ಖಾತೆಗೆ ಬರೆಯುವುದು ಯಾವ ನ್ಯಾಯ?

ಇನ್ನೊಂದು ಮಾತು. ಗುಬ್ಬಚ್ಚಿಯು ತನ್ನ ಎಳೆಮರಿಗಳಿಗೆ ಹೆಚ್ಚಾಗಿ ಹುಳುಹುಪ್ಪಟೆಗಳನ್ನೇ ಉಣಿಸುತ್ತದೆ. ಆದುದರಿಂದ ಚೀಲ ತುಂಬ ಕಾಳಿಗಿಂತ ಕೀಟನಾಶಕ ಸಿಂಪಡಿಸದ ನಾಲ್ಕು ಗಿಡಗಳು ಅದಕ್ಕೆ ಹೆಚ್ಚಿನ ಆಸರೆ.

ಒಂದು ಹಿಡಿ ನವಣೆ, ದಿನವೂ ತೊಳೆದಿಟ್ಟ ಮಣ್ಣಿನ ತಟ್ಟೆಯಲ್ಲಿ ನೀರು, ನಾಲ್ಕು ಗಿಡ: ತಿಂಗಳ ಸಂಬಳದವರಿಗೂ ಇದು ಭಾರವಾಗದು. ಹಕ್ಕಿಗೂ ಹಿತ, ನೆರೆಯವರಿಗೂ ಕ್ಷೇಮ.