ರೋವರಿಗೂ ಮುದ್ರೆ ಬೀಳಲಿ

ಕಲಬುರಗಿಯ ಮಾರುಕಟ್ಟೆಯಲ್ಲಿ ತೊಗರಿ ತೂಗುವ ಎಲೆಕ್ಟ್ರಾನಿಕ್ ಕಾಟಾವನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಕಾನೂನು ಮಾಪನ ಇಲಾಖೆಯ ಮುದ್ರೆ ಹಾಕಿಸಲೇಬೇಕು. ಮುದ್ರೆಯಿಲ್ಲದ ಕಾಟಾಕ್ಕೆ ದಂಡ ಬೀಳುತ್ತದೆ. ಆದರೆ ಅದೇ ತೊಗರಿ ಬೆಳೆದ ಹೊಲದ ಹದ್ದು ಗುರುತಿಸಲು ಬರುವ ರೋವರ್ ಯಂತ್ರದ ಮೇಲೆ ಅಂಥದೊಂದು ಮುದ್ರೆ ರೈತನ ಕಣ್ಣಿಗೆ ಬೀಳುವುದಿಲ್ಲ. ಒಂದು ಚೀಲ ತೊಗರಿಗಿರುವ ಭದ್ರತೆ ಎಕರೆಗಟ್ಟಲೆ ಹೊಲಕ್ಕೂ ಸಿಗಬೇಕು.

ಇದೇ ಜಿಲ್ಲೆಯ ಕಮಲಾಪುರ ತಾಲ್ಲೂಕಿನ ಮಹಾಗಾಂವದ ಸುತ್ತಲಿನ ಎರೆಭೂಮಿಯಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಹೀಗೆ ವರ್ಷ ವರ್ಷವೂ ಬಿರಿದು ಉಬ್ಬುವ ನೆಲದಲ್ಲಿ ಬಾಂದುಕಲ್ಲು ಮೊದಲು ವಾಲುತ್ತದೆ, ಆಮೇಲೆ ಹೂತುಹೋಗುತ್ತದೆ. ಬದುವೂ ನೇಗಿಲಿಗೆ ಸಿಕ್ಕು ಸವೆಯುತ್ತದೆ. 300 ಮೀಟರ್ ಉದ್ದದ ಬದು ಒಂದೇ ಒಂದು ಅಡಿ ಆಚೆ ಸರಿದರೂ ಸುಮಾರು 90 ಚದರ ಮೀಟರ್ ನೆಲ ಕೈಬಿಡುತ್ತದೆ. ಅದು ಒಂದು ಗುಂಟೆಗೆ ಸ್ವಲ್ಪವೇ ಕಡಿಮೆ. ಅಣ್ಣತಮ್ಮಂದಿರು ಕೋರ್ಟು ಹತ್ತಲು ಅಷ್ಟು ಸಾಕು.

ತಲೆಮಾರುಗಳಿಂದ ಹೊಲ ಅಳೆದದ್ದು 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ; 40 ಗುಂಟೆ ಸೇರಿದರೆ ಎಕರೆ. ಸರಪಳಿ ಜೋಲುಬಿದ್ದರೆ ಪಕ್ಕದಲ್ಲಿ ನಿಂತವರಿಗೆ ಕಾಣುತ್ತಿತ್ತು, ‘ಬಿಗಿಯಾಗಿ ಹಿಡೀರಿ’ ಎಂದು ಕೂಗಿ ಹೇಳಬಹುದಿತ್ತು. ರೋವರಿನ ತಪ್ಪು ಹಾಗೆ ಕಾಣುವುದಿಲ್ಲ. ಭೂಮಾಪನ ಇಲಾಖೆ ಸರಪಳಿಯ ಜಾಗಕ್ಕೆ ರೋವರ್ ತರುತ್ತಿರುವುದು ಒಳ್ಳೆಯ ಹೆಜ್ಜೆಯೇ. ಪೋಡಿ, ಹದ್ದುಬಸ್ತಿನ ಅರ್ಜಿಗಳು ಬೇಗ ಮುಗಿಯುತ್ತವೆ. ಆದರೆ ರೈತನಿಗಿದ್ದ ಆ ಕಣ್ಗಾವಲು ಯಂತ್ರದ ಜೊತೆ ಕಳೆದುಹೋಗಬಾರದು.

ರೋವರ್ ಕೆಲಸ ಮಾಡುವುದು ಸುಮಾರು 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹಗಳ ಮತ್ತು ಅಂಥವೇ ಬೇರೆ ಉಪಗ್ರಹಗಳ ಸಂಕೇತ ಹಿಡಿದು. ಸ್ಥಿರ ಕೇಂದ್ರವೊಂದರಿಂದ ತಿದ್ದುಪಡಿ ಸಿಕ್ಕರೆ ಒಂದೆರಡು ಸೆಂಟಿಮೀಟರಿನಷ್ಟು ನಿಖರವಾಗಿ ಜಾಗ ಹೇಳುತ್ತದೆ. ತಪ್ಪು ನುಸುಳಲು ದಾರಿಗಳೂ ಹಲವಿವೆ. ವಾತಾವರಣ ಸಂಕೇತವನ್ನು ತಡಮಾಡುತ್ತದೆ, ತಗಡಿನ ಶೆಡ್ಡಿಗೆ ಬಡಿದ ಸಂಕೇತ ಸುತ್ತಿಬಳಸಿ ಬರುತ್ತದೆ, ಕೋಲು ವಾಲಿರುತ್ತದೆ, ಕೆಲವೊಮ್ಮೆ ರಿಸೀವರೇ ಕೆಟ್ಟಿರುತ್ತದೆ. ಎರಡು ಯಂತ್ರಗಳು ಎರಡು ಅಂಕಿ ಕೊಟ್ಟಾಗ ದೋಷ ಯಾವುದರದ್ದು?

ಇದಕ್ಕೆ ಭೂಮಾಪನ ಶಾಸ್ತ್ರದಲ್ಲಿ ಹಳೆಯ, ಸರಳ ಉತ್ತರವೊಂದಿದೆ. ಒಂದೇ ಆಂಟೆನಾವನ್ನು ಎರಡು ರಿಸೀವರುಗಳಿಗೆ ಹಂಚಬೇಕು. ಆಗ ಉಪಗ್ರಹದ ಕಕ್ಷೆಯ ತಪ್ಪು, ವಾತಾವರಣದ ವಿಳಂಬ, ಶೆಡ್ಡಿನ ಪ್ರತಿಫಲನ ಎಲ್ಲವೂ ಎರಡಕ್ಕೂ ಸಮ. ಒಂದರ ಲೆಕ್ಕದಿಂದ ಇನ್ನೊಂದನ್ನು ಕಳೆದರೆ ಅವೆಲ್ಲ ಹೊರಟುಹೋಗಿ ರಿಸೀವರುಗಳ ಸ್ವಂತ ತಪ್ಪು ಮಾತ್ರ ಉಳಿಯುತ್ತದೆ. ಎರಡರ ನಡುವಿನ ದೂರ ಸೊನ್ನೆ ಬರಬೇಕು. ಒಳ್ಳೆಯ ಯಂತ್ರಗಳಲ್ಲಿ ಅದು ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಸೆಂಟಿಮೀಟರುಗಟ್ಟಲೆ ಬಂದರೆ ಆ ಜೋಡಿಯನ್ನು ಹೊಲಕ್ಕೆ ಕಳಿಸಬಾರದು.

ಹಂಚುವುದಕ್ಕೂ ಒಂದು ಕ್ರಮವಿದೆ. ಕೇಬಲ್ ಕತ್ತರಿಸಿ ಕವಲು ಜೋಡಿಸಿದರೆ ಆಗುವುದಿಲ್ಲ. ಈ ಆಂಟೆನಾಗಳ ಒಳಗೆ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್ ಇರುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತನ್ನು, ಸಾಮಾನ್ಯವಾಗಿ 3ರಿಂದ 5 ವೋಲ್ಟ್, ರಿಸೀವರೇ ಅದೇ ಕೇಬಲಿನಲ್ಲಿ ಮೇಲಕ್ಕೆ ಕಳಿಸುತ್ತದೆ. ಬರೀ ಕವಲಿನಲ್ಲಿ ಎರಡು ರಿಸೀವರುಗಳೂ ಒಟ್ಟಿಗೆ ವಿದ್ಯುತ್ ನೂಕಿದರೆ ಒಂದರದ್ದು ಇನ್ನೊಂದಕ್ಕೆ ಹರಿದು ಯಂತ್ರ ಹಾಳಾಗಬಹುದು, 50 ಓಮಿನ ಕೇಬಲ್ ಹೊಂದಾಣಿಕೆಯೂ ಕೆಡುತ್ತದೆ. ಜಿಪಿಎಸ್‌ಗೆಂದೇ ಮಾಡಿದ ಸ್ಪ್ಲಿಟರ್ ಒಂದು ಕಡೆಯ ವಿದ್ಯುತ್ತನ್ನು ಮಾತ್ರ ಬಿಟ್ಟು ಇನ್ನೊಂದನ್ನು ತಡೆಯುತ್ತದೆ. ಸಂಕೇತವೇನೋ ಅರ್ಧಕ್ಕಿಳಿಯುತ್ತದೆ, ಆದರೆ ಆಂಪ್ಲಿಫೈಯರ್ ಅದನ್ನು ಮೊದಲೇ ಸಾವಿರ ಪಟ್ಟಿನ ಆಸುಪಾಸಿಗೆ ಹಿಗ್ಗಿಸಿರುವುದರಿಂದ ಅಳತೆಗೆ ಧಕ್ಕೆಯಾಗುವುದಿಲ್ಲ.

ಈ ಪರೀಕ್ಷೆಗೆ ಮಿತಿಯೂ ಇದೆ. ಆಂಟೆನಾದ್ದೇ ದೋಷವಾದರೆ, ಕೋಲೇ ವಾಲಿದ್ದರೆ ಅದು ಇಲ್ಲಿ ಕಾಣುವುದಿಲ್ಲ. ಇಂದಿನ ಬಹುತೇಕ ರೋವರುಗಳಲ್ಲಿ ಆಂಟೆನಾ ಮತ್ತು ರಿಸೀವರ್ ಒಂದೇ ಡಬ್ಬಿಯಲ್ಲಿರುವುದರಿಂದ ಕೇಬಲ್ ಹಂಚಲು ಜಾಗವೇ ಇಲ್ಲ. ಅಂಥವಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 17123ನೇ ಮಾನಕದ 8ನೇ ಭಾಗ ಬೇರೆ ದಾರಿ ಹೇಳುತ್ತದೆ: 2ರಿಂದ 20 ಮೀಟರ್ ಅಂತರದಲ್ಲಿ ಎರಡು ಬಿಂದು ಗುರುತಿಸಿ, ನಡುವಿನ ದೂರವನ್ನು ಮೊದಲು ಬೇರೆ ವಿಧಾನದಿಂದ ನಿಖರವಾಗಿ ಅಳೆದಿಟ್ಟು, ಆಮೇಲೆ ರೋವರಿನಿಂದ ಮತ್ತೆ ಮತ್ತೆ ಅಳೆದು ತಾಳೆ ನೋಡುವುದು. ಅಷ್ಟು ದೂರಕ್ಕೆ ಒಳ್ಳೆಯ ಉಕ್ಕಿನ ಟೇಪು ಸಾಕು. ಟೇಪಿನ ತುದಿ ಹಿಡಿಯಲು ಇಂಜಿನಿಯರೇ ಬೇಕಿಲ್ಲ. ಹೊಲದ ಯಜಮಾನನೇ ಹಿಡಿಯಬಹುದು.

ಅಳೆದದ್ದನ್ನು ಮತ್ತೆ ಅಳೆದು ನೋಡುವ ಶಿಸ್ತು ಈ ನಾಡಿಗೆ ಹೊಸದಲ್ಲ. ಬ್ರಿಟಿಷ್ ಸರ್ವೆಯರ್ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಏಳು ಮೈಲಿ ದಾಟಿದ ಆಧಾರರೇಖೆಯನ್ನು ಸರಪಳಿಯಿಂದ ಅಳೆದ. 1802ರಲ್ಲಿ ಮದ್ರಾಸಿನಿಂದ ಮಹಾಸರ್ವೆ ಶುರುಮಾಡಿ ತ್ರಿಕೋನಗಳನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದ. 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ನೆಲದ ಮೇಲೆ ಅಳೆಯಿಸಿ ತ್ರಿಕೋನಗಳ ಲೆಕ್ಕದೊಂದಿಗೆ ತಾಳೆ ನೋಡಿದಾಗ ವ್ಯತ್ಯಾಸ ಬಂದದ್ದು ಕೆಲವೇ ಇಂಚು. ಅವನ ನಕ್ಷೆಯನ್ನು ಜನ ನಂಬಿದ್ದು ಈ ತಾಳೆಯಿಂದ.

ಸರ್ವೆಯರುಗಳ ಮೇಲೆ ಈಗಾಗಲೇ ಅರ್ಜಿಗಳ ರಾಶಿ ಬಿದ್ದಿದೆ, ಇದೊಂದು ಹೊಸ ಹೊರೆ ಯಾಕೆ ಎಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವೇ. ಆದರೆ ಪರೀಕ್ಷೆ ಅವರನ್ನೂ ಕಾಯುತ್ತದೆ. ಯಂತ್ರ ಸರಿಯಿತ್ತೆಂಬ ದಾಖಲೆ ಕೈಯಲ್ಲಿದ್ದರೆ ‘ದುಡ್ಡು ತಿಂದು ಹದ್ದು ಸರಿಸಿದರು’ ಎಂಬ ಮಾತಿಗೆ ಅವರ ಬಳಿ ಉತ್ತರವಿರುತ್ತದೆ. ಇಲ್ಲದಿದ್ದರೆ ಯಂತ್ರದ ತಪ್ಪೂ ಮನುಷ್ಯನ ತಲೆಗೇ ಬರುತ್ತದೆ.

ಆಗಬೇಕಾದ ಕೆಲಸ ಮೂರು. ಇಲಾಖೆ ಮುಂದೆ ಕೊಳ್ಳುವ ಸ್ಥಿರ ಕೇಂದ್ರದ ರಿಸೀವರುಗಳಿಗೆ ಹೊರ ಆಂಟೆನಾ ಜೋಡಿಸುವ ಅವಕಾಶವಿರಲಿ, ಒಂದೇ ಆಂಟೆನಾದ ಪರೀಕ್ಷೆಯಲ್ಲಿ ಗೆದ್ದವಕ್ಕೆ ಮಾತ್ರ ಬಿಲ್ ಪಾವತಿಯಾಗಲಿ. ಹೋಬಳಿಗೊಂದರಂತೆ, ಮಹಾಗಾಂವದಲ್ಲೂ, ಬಿರಿಯುವ ಎರೆಯನ್ನು ದಾಟಿ ಗಟ್ಟಿ ಪದರದವರೆಗೆ ಬುನಾದಿ ಹಾಕಿದ ಎರಡು ಕಾಂಕ್ರೀಟ್ ಕಂಬ ನೆಟ್ಟು, ನಡುವಿನ ದೂರವನ್ನು ಗ್ರಾಮ ಪಂಚಾಯತಿಯ ಗೋಡೆಯ ಮೇಲೆ ಬರೆಸಲಿ. ಹೊಲಕ್ಕೆ ಹೋಗುವ ದಿನ ಸರ್ವೆಯರ್ ಅರ್ಜಿದಾರರ ಎದುರಿಗೆ ಆ ಎರಡು ಕಂಬ ಅಳೆದು, ಬಂದ ಅಂಕಿಯನ್ನು ನಕ್ಷೆಯ ಮೂಲೆಯಲ್ಲಿ ಬರೆದು ಸಹಿ ಹಾಕಲಿ. ಕಮಲಾಪುರದ ಭೂದಾಖಲೆ ಕಚೇರಿ ಮನಸ್ಸು ಮಾಡಿದರೆ ಈ ಸಲದ ತೊಗರಿ ರಾಶಿ ಮುಗಿದು ಮೋಜಣಿಯ ಹಂಗಾಮು ಶುರುವಾಗುವ ಮೊದಲೇ ಆ ಕಂಬಗಳು ನಿಲ್ಲಬಲ್ಲವು.